ಕನ್ನಡ ಮಾಧ್ಯಮದಲ್ಲಿ ಓದಿದವರು ಕಾನೂನು ಪದವಿಗೆ ಹೇಗೆ ಸಿದ್ಧರಾಗಬೇಕು? ಕ್ಲಾಟ್ ಬರೆಯಬೇಕೇ, ಪಿಯುಸಿ ಅಂಕಗಳ ಮೇಲೆ ಸೇರಬೇಕೇ?

ಪ್ರಶ್ನೆ: ಲಗ್ಗೆರೆಯ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ.

ನಾನು ಈ ಜೂನ್ ತಿಂಗಳಲ್ಲಿ ದ್ವಿತೀಯ ಪಿಯುಸಿಗೆ ಬಂದಿದ್ದೇನೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮತ್ತು ಸಮಾಜಶಾಸ್ತ್ರ ನನ್ನ ವಿಷಯಗಳು. ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ, ಈಗಲೂ ಕನ್ನಡ ಮಾಧ್ಯಮದಲ್ಲಿಯೇ ಓದುತ್ತಿದ್ದೇನೆ. ಪ್ರಥಮ ಪಿಯುಸಿಯಲ್ಲಿ ನನಗೆ ಶೇ. 88 ಅಂಕಗಳು ಬಂದಿವೆ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಆದರೆ ನಿಧಾನವಾಗಿ ಓದಬೇಕು, ಮಾತನಾಡುವಾಗ ತಡವರಿಸುತ್ತೇನೆ.

ಕಾನೂನು ಓದಬೇಕೆಂಬ ಆಸೆ ನನ್ನಲ್ಲಿ ಹುಟ್ಟಿದ್ದು ಮನೆಯಿಂದಲೇ. ಮಾಗಡಿ ತಾಲ್ಲೂಕಿನಲ್ಲಿರುವ ನಮ್ಮ ತಾತನ ಜಮೀನಿನ ಬಗ್ಗೆ ನಡೆಯುತ್ತಿರುವ ದಾವೆಗೆ ಈಗ ಹನ್ನೊಂದು ವರ್ಷಗಳಾಗಿವೆ. ತಂದೆಯವರಿಗೆ ಪೀಣ್ಯದ ಕಾರ್ಖಾನೆಯ ಪಾಳಿಯ ಕೆಲಸವಿರುವುದರಿಂದ, ವಕೀಲರು ಕೊಟ್ಟ ಕಾಗದಗಳನ್ನು ರಾತ್ರಿ ಅವರಿಗೆ ಓದಿ ಹೇಳುವುದು ಎಂಟನೆಯ ತರಗತಿಯಿಂದಲೂ ನನ್ನ ಕೆಲಸವಾಗಿದೆ. ವಾದಪತ್ರ, ತಕರಾರು, ಪಹಣಿ, ವಂಶವೃಕ್ಷ ಎಂಬ ಮಾತುಗಳೆಲ್ಲ ನನಗೆ ಹಾಗೆಯೇ ಪರಿಚಯವಾದವು. ಆ ಕಾಗದಗಳಲ್ಲಿ ಒಂದೊಂದು ಸಾಲಿಗೂ ಎಷ್ಟು ತೂಕವಿದೆ ಎಂದು ತಿಳಿದ ಮೇಲೆ ನನಗೆ ಬೇರೆ ಯಾವ ಓದಿನ ಮೇಲೂ ಮನಸ್ಸು ಹೋಗಲಿಲ್ಲ.

ನನ್ನ ಪ್ರಶ್ನೆಗಳು ಇವು. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಲು ಬರೆಯಬೇಕಾದ ಕ್ಲಾಟ್ ಎಂಬ ಪ್ರವೇಶ ಪರೀಕ್ಷೆ ಸಂಪೂರ್ಣವಾಗಿ ಇಂಗ್ಲಿಷಿನಲ್ಲಿ ನಡೆಯುತ್ತದೆ ಎಂದು ತಿಳಿದುಬಂತು. ಡಿಸೆಂಬರಿಗೆ ಉಳಿದಿರುವ ಆರು ತಿಂಗಳಲ್ಲಿ ನನ್ನಂಥವಳು ಅದಕ್ಕೆ ಸಿದ್ಧಳಾಗುವುದು ಸಾಧ್ಯವೇ, ಅಥವಾ ಆ ಸಮಯವನ್ನು ಪಿಯುಸಿ ಅಂಕಗಳಿಗೆ ಕೊಟ್ಟು ಬೆಂಗಳೂರಿನ ಬೇರೊಂದು ಕಾನೂನು ಕಾಲೇಜಿಗೆ ಸೇರುವುದು ಒಳ್ಳೆಯದೇ? ಪಿಯುಸಿ ಆದ ಕೂಡಲೇ ಐದು ವರ್ಷಗಳ ಪದವಿಗೆ ಸೇರುವುದಕ್ಕಿಂತ ಮೊದಲು ಬಿ.ಎ. ಮುಗಿಸಿ ಆಮೇಲೆ ಮೂರು ವರ್ಷಗಳ ಎಲ್‌ಎಲ್‌.ಬಿ. ಮಾಡಿದರೆ ಕೈಯಲ್ಲಿ ಒಂದು ಪದವಿಯಾದರೂ ಇರುತ್ತದೆ ಎಂಬುದು ತಂದೆಯವರ ಅಭಿಪ್ರಾಯ. ಇದರ ಬಗ್ಗೆಯೂ ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ 1: ನಾಗರಭಾವಿ, ನಾಲ್ಕನೆಯ ವರ್ಷ

ತಂಗಿ, ನಾನು ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಬಿ.ಎ. ಎಲ್‌ಎಲ್‌.ಬಿ. ನಾಲ್ಕನೆಯ ವರ್ಷದಲ್ಲಿದ್ದೇನೆ. ನಾನೂ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿದವಳಾದ್ದರಿಂದ ನಿಮ್ಮ ಪ್ರಶ್ನೆಯನ್ನು ಓದಿದಾಗ ನನ್ನ ಹಳೆಯ ದಿನಚರಿಯನ್ನೇ ಓದಿದಂತಾಯಿತು. ನಿಮ್ಮ ಮುಂದಿರುವುದು ಒಂದು ಕಷ್ಟವಲ್ಲ, ಎರಡು. ಅವುಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಕಾನೂನನ್ನು ಅರ್ಥಮಾಡಿಕೊಳ್ಳುವುದು ಒಂದು, ನಿಗದಿತ ಸಮಯದಲ್ಲಿ ಇಂಗ್ಲಿಷ್ ಗದ್ಯವನ್ನು ಓದಿ ಮುಗಿಸುವುದು ಇನ್ನೊಂದು. ತಾತನ ದಾವೆಯ ಕಾಗದಗಳನ್ನು ಓದಿ ಹೇಳುವ ನಿಮಗೆ ಮೊದಲನೆಯದು ಆಗಲೇ ಬಹುಮಟ್ಟಿಗೆ ಒಲಿದಿದೆ. ಕ್ಲಾಟ್ ಹೆಚ್ಚಾಗಿ ಪರೀಕ್ಷಿಸುವುದು ಎರಡನೆಯದನ್ನು.

ಪರೀಕ್ಷೆಯ ಸ್ವರೂಪವನ್ನು ಮೊದಲು ಹೇಳುತ್ತೇನೆ. 120 ನಿಮಿಷಗಳಲ್ಲಿ 120 ಪ್ರಶ್ನೆಗಳು. ಪ್ರತಿ ಸರಿಯುತ್ತರಕ್ಕೆ ಒಂದು ಅಂಕ, ಪ್ರತಿ ತಪ್ಪುತ್ತರಕ್ಕೆ 0.25 ಅಂಕ ಕಡಿತ. ಇಂಗ್ಲಿಷ್, ಪ್ರಚಲಿತ ವಿದ್ಯಮಾನಗಳು ಮತ್ತು ಸಾಮಾನ್ಯ ಜ್ಞಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಗಣಿತ ಎಂಬ ಐದು ಭಾಗಗಳಿದ್ದು, ಕಾನೂನು ತರ್ಕ ಮತ್ತು ಪ್ರಚಲಿತ ವಿದ್ಯಮಾನಗಳಿಂದ ತಲಾ 28ರಿಂದ 32 ಪ್ರಶ್ನೆಗಳು ಬರುತ್ತವೆ. ಗಣಿತದಿಂದ ಬರುವುದು 10ರಿಂದ 14 ಪ್ರಶ್ನೆಗಳು ಮಾತ್ರ, ಅವೂ ಹತ್ತನೆಯ ತರಗತಿಯ ಮಟ್ಟದ ಶೇಕಡಾವಾರು, ಅನುಪಾತ, ಸರಾಸರಿ ಇಂಥವು. ಕಲಾ ವಿಭಾಗದವರು ಈ ಭಾಗವನ್ನು ಕೈಬಿಡುವುದುಂಟು, ದಯವಿಟ್ಟು ಕೈಬಿಡಬೇಡಿ. ಭಾಷೆಯ ಭಾರ ತೀರಾ ಕಡಿಮೆಯಿರುವ ಅಂಕಗಳು ಅವೇ. ಉಳಿದ ಭಾಗಗಳಲ್ಲೆಲ್ಲ ಒಂದು ಗದ್ಯಭಾಗವನ್ನು ಕೊಟ್ಟು ಅದರ ಮೇಲೆ ಪ್ರಶ್ನೆಗಳನ್ನು ಕೇಳುತ್ತಾರೆ, ಹಾಗಾಗಿ ನಿಧಾನವಾಗಿ ಓದುವವರಿಗೆ ಉತ್ತರ ಗೊತ್ತಿದ್ದರೂ ಸಮಯ ಸಾಲುವುದಿಲ್ಲ. ನಾನು ಜೂನ್ ತಿಂಗಳಲ್ಲಿ ಬರೆದ ಮೊದಲ ಮಾದರಿ ಪರೀಕ್ಷೆಯಲ್ಲಿ ಎರಡು ಗಂಟೆ ಮುಗಿದಾಗ 61ನೆಯ ಪ್ರಶ್ನೆಯಲ್ಲಿದ್ದೆ.

ಓದಿನ ವೇಗ ಹೆಚ್ಚಿಸಿಕೊಳ್ಳಲು ನನಗೆ ನಿಜವಾಗಿ ನೆರವಾದ ಕ್ರಮವೊಂದಿದೆ. ಬೆಳಿಗ್ಗೆ ಕನ್ನಡ ಪತ್ರಿಕೆಯಲ್ಲಿ ಒಂದು ಮುಖ್ಯ ಸುದ್ದಿಯನ್ನು, ಸಾಧ್ಯವಾದರೆ ನ್ಯಾಯಾಲಯದ ಸುದ್ದಿಯನ್ನು, ಪೂರ್ತಿಯಾಗಿ ಓದುತ್ತಿದ್ದೆ. ಸಂಜೆ ಅದೇ ಸುದ್ದಿಯನ್ನು ಗ್ರಂಥಾಲಯದಲ್ಲಿ ಇಂಗ್ಲಿಷ್ ಪತ್ರಿಕೆಯಲ್ಲಿ ಗಡಿಯಾರ ನೋಡಿಕೊಂಡು ಓದುತ್ತಿದ್ದೆ. ವಿಷಯ ಮೊದಲೇ ತಿಳಿದಿರುವುದರಿಂದ ಇಂಗ್ಲಿಷ್ ವಾಕ್ಯ ಎಲ್ಲಿಗೆ ಹೋಗುತ್ತಿದೆ ಎಂದು ಮನಸ್ಸು ಮುಂದಾಗಿಯೇ ಊಹಿಸುತ್ತದೆ, ಪ್ರತಿ ಪದವನ್ನೂ ಕನ್ನಡಕ್ಕೆ ತಿರುಗಿಸಿಕೊಳ್ಳುವ ಅಭ್ಯಾಸ ನಿಧಾನವಾಗಿ ಬಿಟ್ಟುಹೋಗುತ್ತದೆ. ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಾದ ನಮಗೆ ಇನ್ನೊಂದು ಅನುಕೂಲವೂ ಇದೆ. ರಾಷ್ಟ್ರಪತಿ ಆಳ್ವಿಕೆಯ ಬಗ್ಗೆ 1994ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ನಮ್ಮ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಪ್ರಕರಣದ್ದು, ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ. ಇವುಗಳ ಕಥೆ ಕನ್ನಡದಲ್ಲಿ ಚೆನ್ನಾಗಿ ತಿಳಿದಿದ್ದರೆ, ಅದೇ ವಿಷಯದ ಇಂಗ್ಲಿಷ್ ಬರಹ ಅಪರಿಚಿತವೆನಿಸುವುದಿಲ್ಲ.

ಕಾನೂನು ತರ್ಕದ ಭಾಗದ ಬಗ್ಗೆ ಅನೇಕರಿಗೆ ತಪ್ಪು ಕಲ್ಪನೆಯಿದೆ. ಅಲ್ಲಿ ಕಾನೂನಿನ ಕಲಮುಗಳನ್ನು ಬಾಯಿಪಾಠ ಮಾಡಿರಬೇಕಾದ ಅಗತ್ಯವಿಲ್ಲ, ನಿಯಮವನ್ನು ಗದ್ಯಭಾಗದಲ್ಲಿಯೇ ಕೊಟ್ಟಿರುತ್ತಾರೆ. ನಾನೇ ಮಾಡಿದ ಒಂದು ಉದಾಹರಣೆಯನ್ನು ನೋಡಿ. ‘ಅಂಗಡಿಯಲ್ಲಿ ಬೆಲೆ ಬರೆದು ಸರಕನ್ನು ಇಡುವುದು ಮಾರಾಟದ ಪ್ರಸ್ತಾಪವಲ್ಲ, ಗ್ರಾಹಕರನ್ನು ಪ್ರಸ್ತಾಪ ಮಾಡಲು ಕರೆಯುವ ಆಹ್ವಾನ ಮಾತ್ರ, ಗ್ರಾಹಕರ ಪ್ರಸ್ತಾಪವನ್ನು ಅಂಗಡಿಯವರು ಒಪ್ಪಿದಾಗಲೇ ಒಪ್ಪಂದವಾಗುತ್ತದೆ’ ಎಂದು ಗದ್ಯಭಾಗ ಹೇಳುತ್ತದೆ ಎಂದಿಟ್ಟುಕೊಳ್ಳೋಣ. ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯ ಅಂಗಡಿಯೊಂದರಲ್ಲಿ 8,500 ರೂಪಾಯಿಯ ಸೀರೆಗೆ ಕೆಲಸದವರ ಕಣ್ತಪ್ಪಿನಿಂದ 850 ಎಂಬ ಚೀಟಿ ಅಂಟಿದೆ. ಗ್ರಾಹಕಿ 850 ರೂಪಾಯಿ ಎಣಿಸಿ ಮೇಜಿನ ಮೇಲಿಟ್ಟು ಸೀರೆ ಕೇಳುತ್ತಾರೆ, ಮಾಲೀಕರು ಕೊಡುವುದಿಲ್ಲ ಎನ್ನುತ್ತಾರೆ. ಒಪ್ಪಂದ ಆಗಿದೆಯೇ?

ನನ್ನ ಮೊದಲ ಉತ್ತರ ‘ಆಗಿದೆ’ ಎಂದೇ ಇರುತ್ತಿತ್ತು, ಏಕೆಂದರೆ ಬೆಲೆ ಬರೆದ ಮೇಲೆ ಆ ಬೆಲೆಗೆ ಕೊಡಬೇಕು ಎನ್ನುವುದು ನಮ್ಮ ನ್ಯಾಯಬುದ್ಧಿ. ಆದರೆ ಕೊಟ್ಟಿರುವ ನಿಯಮದ ಪ್ರಕಾರ ಹಣ ಮುಂದಿಟ್ಟ ಗ್ರಾಹಕಿಯದು ಪ್ರಸ್ತಾಪ, ಮಾಲೀಕರು ಅದನ್ನು ಒಪ್ಪಲಿಲ್ಲ, ಆದ್ದರಿಂದ ಒಪ್ಪಂದ ಆಗಿಲ್ಲ. ಮುಂದಿನ ಪ್ರಶ್ನೆಯಲ್ಲಿ ಒಂದು ಸಂಗತಿಯನ್ನು ಬದಲಿಸುತ್ತಾರೆ: ಗಲ್ಲೆಯಲ್ಲಿದ್ದವರು 850 ರೂಪಾಯಿ ಪಡೆದು ರಸೀದಿ ಕೊಟ್ಟ ಮೇಲೆ ಮಾಲೀಕರು ಬಂದು ತಡೆದರೆ? ಈಗ ಉತ್ತರ ಬದಲಾಗುತ್ತದೆ. ನಿಮಗೆ ಯಾವುದು ಸರಿ ಎನಿಸುತ್ತದೆ ಎಂದು ಅಲ್ಲಿ ಕೇಳುವುದಿಲ್ಲ. ಕೊಟ್ಟ ನಿಯಮ, ಕೊಟ್ಟ ಸಂಗತಿ, ಅವೆರಡರ ನಡುವಿನ ಹೊಂದಿಕೆ ಇಷ್ಟನ್ನೇ ಕೇಳುತ್ತಾರೆ. ಈ ಶಿಸ್ತು ಕೈಗೆ ಹತ್ತಲು ನನಗೆ ಎರಡು ತಿಂಗಳು ಬೇಕಾಯಿತು. ಹತ್ತಿದ ಮೇಲೆ ಅತಿ ಹೆಚ್ಚು ಅಂಕಗಳು ಆ ಭಾಗದಿಂದಲೇ ಬಂದವು.

ಅರ್ಜಿಯ ವಿಷಯ. ಇತ್ತೀಚಿನ ವರ್ಷಗಳಲ್ಲಿ ಪರೀಕ್ಷೆ ಡಿಸೆಂಬರ್ ಮೊದಲ ವಾರದಲ್ಲಿ, ಕಾಗದದ ಮೇಲೆ ಉತ್ತರದ ವೃತ್ತಗಳನ್ನು ತುಂಬುವ ಕ್ರಮದಲ್ಲಿ ನಡೆಯುತ್ತಿದೆ. ಅರ್ಜಿ ಶುಲ್ಕ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಬಡತನ ರೇಖೆಗಿಂತ ಕೆಳಗಿರುವವರಿಗೆ 3,500 ರೂಪಾಯಿ ಇದೆ. ಪಿಯುಸಿಯಲ್ಲಿ ಶೇ. 45 ಅಂಕಗಳು ಬೇಕು, ಪರಿಶಿಷ್ಟರಿಗೆ ಶೇ. 40, ವಯಸ್ಸಿನ ಮೇಲ್ಮಿತಿ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಗಮನಿಸಬೇಕಾದದ್ದು, ನಮ್ಮ ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಇರುವ ಶೇ. 25ರ ಸಮತಲ ಮೀಸಲಾತಿ, ಅಂದರೆ ಎಲ್ಲ ವರ್ಗಗಳ ಒಳಗೂ ಅನ್ವಯಿಸುವ ಮೀಸಲಾತಿ. ರಾಜ್ಯದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಕನಿಷ್ಠ ಹತ್ತು ವರ್ಷ ಓದಿದವರು ಇದಕ್ಕೆ ಅರ್ಹರು, ನೀವು ನಿಸ್ಸಂದೇಹವಾಗಿ ಅರ್ಹರು. ಆದರೆ ಅರ್ಜಿಯಲ್ಲಿ ಆ ಆಯ್ಕೆಯನ್ನು ಗುರುತಿಸಲು ಮರೆತರೆ ಆಮೇಲೆ ಪರದಾಡಬೇಕಾಗುತ್ತದೆ. ಆದ್ದರಿಂದ ಅರ್ಜಿ ತುಂಬುವ ದಿನ ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು ಪ್ರತಿ ಸಾಲನ್ನೂ ಎರಡು ಬಾರಿ ಓದಿ.

ಇಲ್ಲಿಯ ಶುಲ್ಕ ವರ್ಷಕ್ಕೆ ಲಕ್ಷಗಳಲ್ಲಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆರ್ಥಿಕ ನೆರವಿನ ವ್ಯವಸ್ಥೆ ಇದೆ, ನಾನೂ ಅದರ ಫಲಾನುಭವಿ. ಹಿಂದುಳಿದ ಹಿನ್ನೆಲೆಯ ಮಕ್ಕಳನ್ನು ಈ ಪರೀಕ್ಷೆಗೆ ತಯಾರು ಮಾಡುವ ಇಡಿಯಾ ಎಂಬ ಸಂಸ್ಥೆಯನ್ನು ಪ್ರಾಧ್ಯಾಪಕ ಶಮ್ನಾದ್ ಬಷೀರ್ ಅವರು 2010ರಲ್ಲಿ ಕಟ್ಟಿದರು. ಅವರು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ. ಕರ್ನಾಟಕದಲ್ಲಿಯೂ ಅದರ ಸ್ವಯಂಸೇವಕರಿದ್ದಾರೆ, ಈ ತಿಂಗಳೇ ಅವರನ್ನು ಸಂಪರ್ಕಿಸಿ.

ಉತ್ತರ 2: ವಿಚಾರಣಾ ನ್ಯಾಯಾಲಯದ ವಕೀಲ

ಮೇಲಿನ ಉತ್ತರ ಬಹಳ ಉಪಯುಕ್ತವಾಗಿದೆ. ನಾನು ಇಪ್ಪತ್ತಮೂರು ವರ್ಷಗಳಿಂದ ಬೆಂಗಳೂರು ಮತ್ತು ಗ್ರಾಮಾಂತರ ಭಾಗದ ಸಿವಿಲ್ ನ್ಯಾಯಾಲಯಗಳಲ್ಲಿ ವಕೀಲಿ ಮಾಡುತ್ತಿದ್ದೇನೆ. ಕ್ಲಾಟ್ ಬರೆಯಲೇಬೇಕು, ಆದರೆ ಅದರಲ್ಲಿ ಸೀಟು ಸಿಗದಿದ್ದರೆ ಕಾನೂನಿನ ದಾರಿಯೇ ಮುಚ್ಚಿತು ಎಂಬ ಭಾವನೆ ಮಕ್ಕಳಲ್ಲಿ ಬೆಳೆಯಬಾರದು ಎಂಬ ಕಾರಣಕ್ಕೆ ಇನ್ನೊಂದು ದಾರಿಯ ಬಗ್ಗೆ ವಿವರವಾಗಿ ಬರೆಯುತ್ತಿದ್ದೇನೆ.

2009ರ ಅಧಿನಿಯಮದಿಂದ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಬೆಂಗಳೂರಿನ ಅನೇಕ ಕಾಲೇಜುಗಳು ಸಂಯೋಜಿತವಾಗಿವೆ. ಬಸವನಗುಡಿಯ ಬಿ.ಎಂ.ಎಸ್. ಕಾನೂನು ಕಾಲೇಜು, ಕೆ.ಎಲ್‌.ಇ. ಸಂಸ್ಥೆಯ ಕಾನೂನು ಕಾಲೇಜು ಇವು ನಿಮಗೆ ತಿಳಿದಿರಬಹುದಾದ ಹೆಸರುಗಳು. ಇಂಥ ಕಾಲೇಜುಗಳಲ್ಲಿ ಐದು ವರ್ಷಗಳ ಪದವಿಗೆ ಪಿಯುಸಿ ಅಂಕಗಳ ಆಧಾರದ ಮೇಲೆ ಪ್ರವೇಶ ಸಿಗುತ್ತದೆ, ಫಲಿತಾಂಶದ ನಂತರ ಕಾಲೇಜುಗಳಲ್ಲಿಯೇ ಅರ್ಜಿ ಸಲ್ಲಿಸಬೇಕು. ಕಾಲೇಜಿನಿಂದ ಕಾಲೇಜಿಗೆ ಶುಲ್ಕದಲ್ಲಿ ಬಹಳ ಅಂತರವಿದೆ. ಹಣ ಕಟ್ಟುವ ಮುನ್ನ ಆ ಕಾಲೇಜಿಗೆ ಭಾರತೀಯ ವಕೀಲರ ಪರಿಷತ್ತಿನ ಅನುಮೋದನೆ ಆ ವರ್ಷಕ್ಕೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ಅದಿಲ್ಲದ ಪದವಿಯಿಂದ ವಕೀಲರಾಗಿ ನೋಂದಾಯಿಸಿಕೊಳ್ಳಲು ಬರುವುದಿಲ್ಲ. ಹಾಜರಾತಿ ಹಾಕದಿದ್ದರೂ ನಡೆಯುತ್ತದೆ ಎಂದು ಹೇಳುವ ಕಾಲೇಜಿನಿಂದ ದೂರವಿರಿ. ಪರಿಷತ್ತಿನ 2008ರ ನಿಯಮಗಳ ಪ್ರಕಾರ ಪ್ರತಿ ವಿಷಯದಲ್ಲಿ ಶೇ. 70 ಹಾಜರಾತಿ ಬೇಕು.

ಈ ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯ ಮೇಲೆ ಒಂದು ಸೂಚನೆ ಇರುತ್ತದೆ: ಉತ್ತರಗಳನ್ನು ಪೂರ್ತಿಯಾಗಿ ಇಂಗ್ಲಿಷಿನಲ್ಲಿ ಅಥವಾ ಪೂರ್ತಿಯಾಗಿ ಕನ್ನಡದಲ್ಲಿ ಬರೆಯಬೇಕು ಎಂದು. ಹಾಗಾಗಿ ನಿಮ್ಮ ಭಾಷೆಯಲ್ಲಿಯೇ ಪರೀಕ್ಷೆ ಬರೆದು ಪದವಿ ಪಡೆಯಬಹುದು. ಆದರೂ ನನ್ನ ಸಲಹೆ, ಮೊದಲ ಎರಡು ವರ್ಷ ಕನ್ನಡದಲ್ಲಿ ಬರೆದರೂ ಕೊನೆಯ ವರ್ಷಗಳಲ್ಲಿ ಇಂಗ್ಲಿಷಿಗೆ ಬನ್ನಿ. ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ ನಡೆಯುತ್ತದೆ, ಪೂರ್ವನಿದರ್ಶನವಾಗಿ ಉಲ್ಲೇಖಿಸುವ ತೀರ್ಪುಗಳೂ ಇಂಗ್ಲಿಷಿನಲ್ಲಿರುತ್ತವೆ, ಅವುಗಳನ್ನು ತಾವೇ ಓದಲಾಗದ ವಕೀಲರು ಬೇರೆಯವರ ಸಾರಾಂಶವನ್ನು ನಂಬಿಕೊಂಡು ವಾದ ಮಾಡಬೇಕಾಗುತ್ತದೆ.

ಇಷ್ಟು ಹೇಳಿದ ಮೇಲೆ, ಕನ್ನಡದ ಬಲ ಏನೆಂಬುದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಕೆಲವು ವರ್ಷಗಳ ಹಿಂದೆ ಆಸ್ತಿ ಪಾಲು ಕೇಳಿದ ಒಂದು ವಿಭಾಗ ದಾವೆಯಲ್ಲಿ ವೃದ್ಧೆಯೊಬ್ಬರು ಸಾಕ್ಷಿ ಹೇಳುತ್ತ, ‘ಒಲೆ ಬೇರೆ ಆಗಿತ್ತು ಸ್ವಾಮಿ, ಹೊಲ ಬೇರೆ ಆಗಿರಲಿಲ್ಲ’ ಎಂದರು. ಇಡೀ ದಾವೆ ಆ ಒಂದು ಮಾತಿನ ಮೇಲೆ ನಿಂತಿತ್ತು. ಅಣ್ಣತಮ್ಮಂದಿರು ಬೇರೆ ಬೇರೆ ಅಡುಗೆ ಮಾಡಿಕೊಂಡ ಮಾತ್ರಕ್ಕೆ ಅವಿಭಕ್ತ ಕುಟುಂಬದ ಆಸ್ತಿ ವಿಭಾಗವಾಯಿತು ಎಂದು ಕಾನೂನು ಹೇಳುವುದಿಲ್ಲ. ಆಸ್ತಿಯಲ್ಲಿ ಪಾಲಾಗಿತ್ತೇ ಎಂಬುದು ಬೇರೆಯದೇ ಪ್ರಶ್ನೆ. ಆದರೆ ಅದಕ್ಕೂ ಮೊದಲು ಇಂಗ್ಲಿಷಿನಲ್ಲಿ ತಯಾರಾಗಿದ್ದ ಅವರ ಪ್ರಮಾಣಪತ್ರದಲ್ಲಿ (ಅಫಿಡವಿಟ್), ಕುಟುಂಬ ಬೇರೆಯಾಗಿತ್ತು ಎಂಬ ಒಂದೇ ಪದವಿತ್ತು. ಬರೆದವರು ಕಲಿತವರೇ, ಆದರೆ ಒಲೆಗೂ ಹೊಲಕ್ಕೂ ಇರುವ ಅಂತರ ಅವರ ಕಿವಿಗೆ ಬಿದ್ದಿರಲಿಲ್ಲ. ಪಾಟಿ ಸವಾಲಿನಲ್ಲಿ ಆ ಪದವನ್ನು ಹಿಡಿದುಕೊಂಡು ಎದುರು ಪಕ್ಷದವರು ಎರಡು ದಿನ ವಾದಿಸಿದರು. ಹಳ್ಳಿಯವರ ಮಾತನ್ನು ಅದರ ಎಲ್ಲ ಮಡಿಕೆಗಳೊಡನೆ ಕೇಳಿಸಿಕೊಳ್ಳಬಲ್ಲ ವಕೀಲರು ನಮ್ಮ ನ್ಯಾಯಾಲಯಗಳಿಗೆ ಬಹಳ ಬೇಕಾಗಿದ್ದಾರೆ.

ಮುಂದೆ ನ್ಯಾಯಾಧೀಶರಾಗುವ ಆಸೆ ಮೂಡಿದರೂ ಈ ಭಾಷಾಬಲ ಕೈಬಿಡುವುದಿಲ್ಲ. ಕರ್ನಾಟಕದ ಸಿವಿಲ್ ನ್ಯಾಯಾಧೀಶರ ಮುಖ್ಯ ಪರೀಕ್ಷೆಯಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೂ ಕನ್ನಡದಿಂದ ಇಂಗ್ಲಿಷಿಗೂ ಅನುವಾದ ಮಾಡುವ ಪ್ರತ್ಯೇಕ ಪತ್ರಿಕೆಯೇ ಇದೆ. ಆ ಹುದ್ದೆಗೆ ಕನಿಷ್ಠ ಮೂರು ವರ್ಷಗಳ ವಕೀಲಿ ಬೇಕೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕಡ್ಡಾಯಗೊಳಿಸಿದೆ, ಆ ಲೆಕ್ಕವನ್ನು ಈಗಲೇ ಮನಸ್ಸಿನಲ್ಲಿಟ್ಟುಕೊಳ್ಳಿ.

ತಂದೆಯವರ ಮಾತಿಗೆ ಬರುತ್ತೇನೆ. ಬಿ.ಎ. ಮೂರು ವರ್ಷ, ಎಲ್‌ಎಲ್‌.ಬಿ. ಮೂರು ವರ್ಷ, ಒಟ್ಟು ಆರು; ಐದು ವರ್ಷಗಳ ಪದವಿಯಲ್ಲಿ ಬಿ.ಎ. ಸೇರಿಯೇ ಇರುತ್ತದೆ. ಕಾನೂನೇ ಬೇಕೆಂದು ಖಚಿತವಿದ್ದವರಿಗೆ ಐದು ವರ್ಷಗಳದೇ ಸರಿ. ಆದರೆ ನಡುವೆ ಮನೆಯ ಕಾರಣದಿಂದ ಓದು ನಿಲ್ಲಿಸಬೇಕಾಗಿ ಬಂದರೆ ಏನು ಗತಿ ಎಂಬ ಅವರ ಆತಂಕವನ್ನು ಹಗುರವಾಗಿ ಕಾಣಬಾರದು. ಅಂಥ ಸಾಧ್ಯತೆ ನಿಜವಾಗಿಯೂ ಇದ್ದರೆ ಬಿ.ಎ. ಮೊದಲು ಮುಗಿಸುವುದು ವಿವೇಕದ ಮಾತೇ. ನಾಗರಭಾವಿಯ ಶಾಲೆಯೂ 2022ರಿಂದ ಮೂರು ವರ್ಷಗಳ ಎಲ್‌ಎಲ್‌.ಬಿ. ನಡೆಸುತ್ತಿರುವುದರಿಂದ ಆ ಹಾದಿಯಲ್ಲಿ ಹೋದವರಿಗೂ ಅಲ್ಲಿ ಅವಕಾಶವಿದೆ, ಅದರ ಪ್ರವೇಶ ಪರೀಕ್ಷೆ ಬೇರೆ.

ಪದವಿಯ ನಂತರದ ಮೊದಲ ವರ್ಷಗಳು ಕಷ್ಟದವು ಎಂಬುದನ್ನೂ ತಂದೆಯವರಿಗೆ ಈಗಲೇ ತಿಳಿಸಿ. ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಬೇಕೆಂದು ಪರಿಷತ್ತು 2024ರಲ್ಲಿ ಸಲಹೆ ನೀಡಿದೆ, ಆದರೆ ಅದು ಸಲಹೆ ಮಾತ್ರ. ಅದಕ್ಕಿಂತ ಬಹಳ ಕಡಿಮೆ ಹಣದಲ್ಲಿ ದುಡಿಯುವ ಮಕ್ಕಳನ್ನು ನಾನು ನಿತ್ಯ ನೋಡುತ್ತೇನೆ. ನೋಂದಣಿ ಶುಲ್ಕದ ಹೊರೆ ಮಾತ್ರ ಇಳಿದಿದೆ. ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿಗಿಂತ ಹೆಚ್ಚು ಪಡೆಯುವಂತಿಲ್ಲ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ.

ಪುಸ್ತಕದ ಬಗ್ಗೆ ಒಂದು ಎಚ್ಚರಿಕೆ. ಅವೆನ್ಯೂ ರಸ್ತೆಯಲ್ಲಿ ಹಳೆಯ ಕಾನೂನು ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ, ನಾನೂ ಅಲ್ಲಿಯೇ ಕೊಂಡು ಓದಿದವನು. ಆದರೆ 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, 511 ಕಲಮುಗಳಿದ್ದಲ್ಲಿ ಈಗ 358 ಇವೆ; ದಂಡ ಪ್ರಕ್ರಿಯಾ ಸಂಹಿತೆ ಮತ್ತು ಸಾಕ್ಷ್ಯ ಅಧಿನಿಯಮಗಳೂ ಬದಲಾಗಿವೆ. ಒಪ್ಪಂದ ಕಾಯಿದೆಯ ಹಳೆಯ ಪುಸ್ತಕವನ್ನು ಧೈರ್ಯವಾಗಿ ಕೊಳ್ಳಿ, ಅಪರಾಧ ಕಾನೂನಿನದನ್ನು ಕೊಳ್ಳಬೇಡಿ.

ಲಗ್ಗೆರೆಯ ವಿದ್ಯಾರ್ಥಿನಿ

ಅಕ್ಕ, ಸರ್, ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡೂ ಉತ್ತರಗಳನ್ನು ರಾತ್ರಿ ತಂದೆಯವರಿಗೆ ಓದಿ ಹೇಳಿದೆ. ಒಲೆ ಮತ್ತು ಹೊಲದ ಮಾತನ್ನು ಕೇಳಿ ಅವರು ಇನ್ನೊಮ್ಮೆ ಓದು ಎಂದರು, ಏಕೆಂದರೆ ನಮ್ಮ ದಾವೆಯಲ್ಲಿಯೂ ಹೆಚ್ಚುಕಡಿಮೆ ಅದೇ ತಕರಾರಿದೆ. ಐದು ವರ್ಷಗಳ ಪದವಿಗೆ ಅವರು ಒಪ್ಪಿದ್ದಾರೆ, ನಡುವೆ ಓದು ನಿಲ್ಲಿಸಬಾರದು ಎಂಬುದು ಅವರ ಒಂದೇ ಷರತ್ತು.

ಈಗ ಉಳಿದಿರುವ ಅನುಮಾನ ಕೋಚಿಂಗಿನದು. ವಿಜಯನಗರದ ಕಡೆ ವಿಚಾರಿಸಿದಾಗ ಕೇಳಿದ ಶುಲ್ಕ ನಮ್ಮ ಮನೆಗೆ ಎಟುಕುವಂಥದ್ದಲ್ಲ. ಸಾಲ ಮಾಡಿಯಾದರೂ ಸೇರಿಸುತ್ತೇನೆ ಎಂದು ತಾಯಿ ಹೇಳುತ್ತಿದ್ದಾರೆ, ನನಗೆ ಮನಸ್ಸು ಒಪ್ಪುತ್ತಿಲ್ಲ. ಕೋಚಿಂಗ್ ಇಲ್ಲದೆ, ಕಾಲೇಜಿನ ಓದನ್ನೂ ಕೆಡಿಸಿಕೊಳ್ಳದೆ ಈ ತಯಾರಿಯನ್ನು ನಡೆಸುವ ಬಗೆ ಹೇಗೆ?

ಉತ್ತರ 3: ಪಿಯು ಕಾಲೇಜಿನ ಉಪನ್ಯಾಸಕಿ

ಸಾಲ ಮಾಡಬೇಡಿ ಎಂದು ತಾಯಿಯವರಿಗೆ ನನ್ನ ಪರವಾಗಿ ಹೇಳಿ. ನಾನು ಹದಿನಾರು ವರ್ಷಗಳಿಂದ ಪಿಯು ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆ. ನನ್ನ ವಿದ್ಯಾರ್ಥಿನಿಯೊಬ್ಬಳು ಪೂರ್ತಿ ಶುಲ್ಕವನ್ನು ಮೊದಲೇ ಕಟ್ಟಿ ಒಂದು ಕೇಂದ್ರಕ್ಕೆ ಸೇರಿದಳು; ಅಲ್ಲಿ ಪಾಠ ನಡೆಯುತ್ತಿದ್ದದ್ದು ಇಂಗ್ಲಿಷ್ ಮಾಧ್ಯಮದ ಮಕ್ಕಳ ವೇಗಕ್ಕೆ ತಕ್ಕಂತೆ, ಎರಡು ತಿಂಗಳಲ್ಲಿ ಅವಳು ಹೋಗುವುದನ್ನೇ ಬಿಟ್ಟಳು, ಹಣ ಹಿಂದಿರುಗಲಿಲ್ಲ. ಕೋಚಿಂಗಿನಿಂದ ಅನುಕೂಲವಾದ ಮಕ್ಕಳನ್ನೂ ನೋಡಿದ್ದೇನೆ, ಆದರೆ ನಿಮ್ಮ ಕೊರತೆ ಓದಿನ ವೇಗವಾಗಿರುವಾಗ ಅದನ್ನು ತುಂಬುವುದು ಪ್ರತಿದಿನದ ಓದೇ ಹೊರತು ವಾರಾಂತ್ಯದ ತರಗತಿಯಲ್ಲ.

ಕ್ಲಾಟ್ ನಡೆಸುವ ಒಕ್ಕೂಟದ ಜಾಲತಾಣದಲ್ಲಿ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. ಅವುಗಳನ್ನು ಮುದ್ರಿಸಿಕೊಂಡು ಮೊದಲ ತಿಂಗಳು ಗಡಿಯಾರವಿಲ್ಲದೆ, ಒಂದು ದಿನಕ್ಕೆ ಎರಡೇ ಗದ್ಯಭಾಗಗಳಂತೆ ಮಾಡಿ. ಗೊತ್ತಿಲ್ಲದ ಪದ ಬಂದ ಕೂಡಲೇ ನಿಘಂಟನ್ನು ತೆರೆಯಬೇಡಿ. ವಾಕ್ಯ ಮುಗಿಯುವವರೆಗೆ ಹೋಗಿ, ಅರ್ಥವನ್ನು ಊಹಿಸಿ, ಗದ್ಯಭಾಗ ಮುಗಿದ ಮೇಲೆ ನೋಡಿ. ಕನ್ನಡ ಮಾಧ್ಯಮದ ಮಕ್ಕಳು ಪ್ರತಿ ಪದದಲ್ಲಿಯೂ ನಿಲ್ಲುವುದು ಶ್ರದ್ಧೆಯಿಂದಲೇ, ಆದರೆ ಆ ಶ್ರದ್ಧೆಯೇ ಪರೀಕ್ಷೆಯಲ್ಲಿ ಅವರ ಸಮಯವನ್ನು ತಿನ್ನುತ್ತದೆ. ಇಂಗ್ಲಿಷಿನ ದೀರ್ಘ ವಾಕ್ಯಗಳಲ್ಲಿ ಕ್ರಿಯಾಪದ ಎಲ್ಲಿದೆ ಎಂದು ಮೊದಲು ಹುಡುಕುವುದನ್ನು ನನ್ನ ತರಗತಿಯಲ್ಲಿ ಅಭ್ಯಾಸ ಮಾಡಿಸುತ್ತೇನೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ನಾವು ಕೊನೆಯವರೆಗೆ ಕಾಯುತ್ತೇವೆ, ಅಲ್ಲಿ ಅದು ಕರ್ತೃವಿನ ಬೆನ್ನಿಗೇ ಬಂದು ಹೋಗಿರುತ್ತದೆ. ಈ ಒಂದು ವ್ಯತ್ಯಾಸ ಕಣ್ಣಿಗೆ ಹೊಂದಿಕೊಂಡರೆ ಓದು ಸಲೀಸಾಗುತ್ತದೆ. ಆಗಸ್ಟ್ ತಿಂಗಳಿಂದ ಗಡಿಯಾರ ಇಟ್ಟುಕೊಳ್ಳಿ, ಅಕ್ಟೋಬರಿನಿಂದ ವಾರಕ್ಕೊಂದು ಪೂರ್ಣ ಪರೀಕ್ಷೆ ಬರೆಯಿರಿ, ಪರೀಕ್ಷೆಯ ಮರುದಿನ ತಪ್ಪಾದ ಪ್ರತಿ ಉತ್ತರಕ್ಕೂ ಏಕೆ ತಪ್ಪಾಯಿತು ಎಂದು ಕನ್ನಡದಲ್ಲಿ ಒಂದು ಸಾಲು ಬರೆದಿಡಿ.

ಡಿಸೆಂಬರಿನಲ್ಲಿ ಕ್ಲಾಟ್ ಮುಗಿದ ಮೇಲೆ ವಾರ್ಷಿಕ ಪರೀಕ್ಷೆಯವರೆಗಿನ ದಿನಗಳನ್ನು ಪೂರ್ತಿಯಾಗಿ ಪಿಯುಸಿಗೆ ಕೊಡಿ. ರಾಜ್ಯಶಾಸ್ತ್ರ ಮತ್ತು ಇತಿಹಾಸದ ಓದು ಎರಡಕ್ಕೂ ಒದಗುವುದರಿಂದ ಮೊದಲ ಆರು ತಿಂಗಳು ವ್ಯರ್ಥವಾಗುವುದಿಲ್ಲ. ನಿಮ್ಮ ಶೇ. 88 ಉಳಿದರೆ ವಕೀಲರು ಹೇಳಿದ ಕಾಲೇಜುಗಳಲ್ಲಿ ಸೀಟಿಗೆ ತೊಂದರೆಯಾಗಲಾರದು.

ಕಾಗದಪತ್ರಗಳನ್ನು ಈಗಲೇ ಸಿದ್ಧಮಾಡಿಕೊಳ್ಳಿ ಎಂಬುದು ನನ್ನ ಒತ್ತಾಯ. ಒಂದರಿಂದ ಹತ್ತನೆಯ ತರಗತಿಯವರೆಗಿನ ವ್ಯಾಸಂಗ ಪ್ರಮಾಣಪತ್ರವನ್ನು ಶಾಲೆಯಿಂದ ಪಡೆಯಿರಿ. ಎರಡು ಶಾಲೆಗಳಲ್ಲಿ ಓದಿದ್ದರೆ ಎರಡರಿಂದಲೂ ಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ, ಹೆಸರು ಮತ್ತು ತಂದೆಯವರ ಹೆಸರಿನ ಕಾಗುಣಿತ ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿರುವಂತೆಯೇ ಆಧಾರ್ ಕಾರ್ಡಿನಲ್ಲಿಯೂ ಇದೆಯೇ ಎಂದು ನೋಡಿ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸುವಾಗಲೂ ಇವೇ ದಾಖಲೆಗಳು ಬೇಕಾಗುತ್ತವೆ. ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾಗಿ ಪ್ರವೇಶದ ವಾರದಲ್ಲಿ ಅಳುತ್ತ ಬಂದ ಮಕ್ಕಳನ್ನು ಪ್ರತಿವರ್ಷ ಕಾಣುತ್ತೇನೆ.

ಉತ್ತರ 4: ವಿಚಾರಣಾ ನ್ಯಾಯಾಲಯದ ವಕೀಲ

ಮೇಡಂ ಹೇಳಿದ ದಾಖಲೆಗಳ ಮಾತು ನೂರಕ್ಕೆ ನೂರು ನಿಜ. ಇನ್ನೊಂದು ವಿಷಯ ನೆನಪಾಯಿತು. ನ್ಯಾಯಾಲಯದ ಕಲಾಪವನ್ನು ಸಾರ್ವಜನಿಕರು ಕುಳಿತು ನೋಡಬಹುದು, ಅದಕ್ಕೆ ವಕೀಲರಾಗಿರಬೇಕಾಗಿಲ್ಲ. ಕೌಟುಂಬಿಕ ವ್ಯಾಜ್ಯದಂಥ ಕೆಲವು ವಿಚಾರಣೆಗಳು ಮಾತ್ರ ಮುಚ್ಚಿದ ಕೊಠಡಿಯಲ್ಲಿ ನಡೆಯುತ್ತವೆ. ಕಾಲೇಜಿಗೆ ರಜೆಯಿದ್ದು ನ್ಯಾಯಾಲಯ ನಡೆಯುವ ಒಂದು ದಿನ, ಸೆಂಟ್ರಲ್ ಕಾಲೇಜು ಮೆಟ್ರೋ ನಿಲ್ದಾಣದಲ್ಲಿ ಇಳಿದು ಮೈಸೂರು ಬ್ಯಾಂಕ್ ವೃತ್ತದ ಬಳಿಯಿರುವ ಸಿಟಿ ಸಿವಿಲ್ ನ್ಯಾಯಾಲಯಕ್ಕೆ ತಂದೆಯವರೊಡನೆ ಹೋಗಿ. ಗುರುತಿನ ಚೀಟಿ ಇಟ್ಟುಕೊಳ್ಳಿ, ಮೊಬೈಲನ್ನು ನಿಶ್ಶಬ್ದವಾಗಿಡಿ, ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಬೆಳಿಗ್ಗೆ ಪ್ರಕರಣಗಳನ್ನು ಕರೆಯುವುದು ಗಡಿಬಿಡಿಯಂತೆ ಕಾಣುತ್ತದೆ, ಬೇಸರಪಡಬೇಡಿ. ಸಾಕ್ಷಿ ವಿಚಾರಣೆ ಆರಂಭವಾಗುವವರೆಗೆ ಕಾಯಿರಿ. ಸಾಕ್ಷಿ ಕನ್ನಡದಲ್ಲಿ ಹೇಳಿದ್ದು ದಾಖಲೆಯಲ್ಲಿ ಹೇಗೆ ಇಳಿಯುತ್ತದೆ ಎಂಬುದನ್ನು ಗಮನವಿಟ್ಟು ನೋಡಿ.

ಲಗ್ಗೆರೆಯ ವಿದ್ಯಾರ್ಥಿನಿ

ಸರ್, ಅಕ್ಕ, ಮೇಡಂ, ನಿಮ್ಮೆಲ್ಲರ ಉತ್ತರಗಳನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಕೋಚಿಂಗಿನ ಮಾತು ಮನೆಯಲ್ಲಿ ಮುಗಿಯಿತು. ನಿನ್ನೆ ಶಾಲೆಗೆ ಹೋಗಿ ವ್ಯಾಸಂಗ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟು ಬಂದೆ. ನನ್ನ ಹೆಸರಿನ ಕೊನೆಯ ಅಕ್ಷರ ಆಧಾರ್ ಕಾರ್ಡಿನಲ್ಲಿ ಬೇರೆಯಾಗಿರುವುದು ಆಗಲೇ ಗಮನಕ್ಕೆ ಬಂತು, ಅದನ್ನು ಸೋಮವಾರ ತಿದ್ದಿಸುತ್ತೇವೆ. ಕಳೆದ ವರ್ಷದ ಪ್ರಶ್ನೆಪತ್ರಿಕೆಯ ಮೊದಲ ಗದ್ಯಭಾಗವನ್ನು ಇಂದು ಸಂಜೆ ಓದಿದೆ, ಹದಿನಾಲ್ಕು ನಿಮಿಷ ಬೇಕಾಯಿತು. ಆ ಸಂಖ್ಯೆಯನ್ನು ದಿನಾಂಕದೊಡನೆ ಪುಸ್ತಕದ ಮೊದಲ ಪುಟದಲ್ಲಿ ಬರೆದಿದ್ದೇನೆ. ತಂದೆಯವರ ಪಾಳಿ ಮುಂದಿನ ವಾರ ಬದಲಾಗುತ್ತದೆ, ಆಗ ಇಬ್ಬರೂ ನ್ಯಾಯಾಲಯಕ್ಕೆ ಹೋಗಿಬರುತ್ತೇವೆ.